ನಲ್ಲಿ ನೀರು ಹೊರಟ ಊರು

ಸೋದರಿಯರೇ, ಪ್ರವಾಸ ಎಂದರೆ ನಮಗೆ ಧರ್ಮಸ್ಥಳ, ಮೈಸೂರು, ಇಲ್ಲವೇ ಮಲ್ಪೆಯ ಸಮುದ್ರ. ಸೋಲದೇವನಹಳ್ಳಿ ನೋಡಬೇಕೆಂದು ಯಾರೂ ಗಂಟುಮೂಟೆ ಕಟ್ಟುವುದಿಲ್ಲ ಬಿಡಿ. ಆದರೂ ಬೆಂಗಳೂರಿನ ನೆಂಟರ ಮನೆಗೆ ಬಂದಾಗ ಅರ್ಧ ದಿನ ಬಿಡುವು ಮಾಡಿಕೊಂಡು ಈ ಕಡೆ ಬನ್ನಿ. ತುಮಕೂರು ರಸ್ತೆಯ ಎಂಟನೇ ಮೈಲಿಯಲ್ಲಿ ಹೆಸರಘಟ್ಟ ರಸ್ತೆಗೆ ಹೊರಳಿ, ಚಿಕ್ಕಬಾಣಾವರ ದಾಟಿದರೆ ಊರು ಸಿಕ್ಕಿತು.

ಹಿಂದೆ ಬೆಂಗಳೂರಿನ ಹೆಂಗಸರು ಧರ್ಮಾಂಬುಧಿ, ಸಂಪಂಗಿ ಮುಂತಾದ ಕೆರೆಗಳನ್ನೂ ಬಾವಿಗಳನ್ನೂ ನಂಬಿ ಸಂಸಾರ ಮಾಡುತ್ತಿದ್ದರು. ಬಿಂದಿಗೆ ಹೊತ್ತವರ ಸೊಂಟದ ನೋವು ನಮಗೆ ಗೊತ್ತಿಲ್ಲವೇ! ಧರ್ಮಾಂಬುಧಿ ಇದ್ದಲ್ಲಿ ಈಗ ಮೆಜೆಸ್ಟಿಕ್ ಬಸ್ ನಿಲ್ದಾಣ, ಸಂಪಂಗಿ ಇದ್ದಲ್ಲಿ ಕಂಠೀರವ ಕ್ರೀಡಾಂಗಣ.

ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಅರ್ಕಾವತಿ ನದಿಯ ಹೆಸರಘಟ್ಟ ಕೆರೆಯನ್ನು ಹೊಸದಾಗಿ ಕಟ್ಟಿಸಿ, 1896ರಲ್ಲಿ ನಗರಕ್ಕೆ ಕೊಳಾಯಿ ನೀರು ಕೊಟ್ಟರು. ಚಾಮರಾಜೇಂದ್ರ ವಾಟರ್ ವರ್ಕ್ಸ್ ಎಂದು ಅದರ ಹೆಸರು. ಕೆರೆಯ ನೀರು ಇಟ್ಟಿಗೆ ಕಾಲುವೆಯಲ್ಲಿ ತರಬನಹಳ್ಳಿಗೆ, ಅಲ್ಲಿಂದ ಕೊಳವೆಯಲ್ಲಿ ಸೋಲದೇವನಹಳ್ಳಿಗೆ ಇಳಿಜಾರಿನಲ್ಲಿ ತಾನಾಗಿಯೇ ಹರಿದು ಬರುತ್ತಿತ್ತು. ಅಲ್ಲಿಂದ ಮುಂದೆ ನಗರ ಎತ್ತರದಲ್ಲಿದೆ, ನೀರು ತಾನಾಗಿ ಏರುತ್ತದೆಯೇ? ಅದಕ್ಕೇ ಇಲ್ಲಿ ಉಗಿಯಂತ್ರ ಇಟ್ಟರು. ಅನ್ನ ಬೇಯುವಾಗ ಪಾತ್ರೆಯ ಮುಚ್ಚಳ ಎತ್ತಿ ಕುಣಿಸುತ್ತದಲ್ಲ, ಅದೇ ಆವಿಯ ಬಲ! ಹೀಗೆ ಮೇಲೇರಿದ ನೀರು ಮಲ್ಲೇಶ್ವರದ ಕಡೆಗೆ ಹೋಗುತ್ತಿತ್ತು. ಅದನ್ನು ಶುದ್ಧಿ ಮಾಡುತ್ತಿದ್ದ ಜ್ಯುವೆಲ್ ಫಿಲ್ಟರ್‌ನ ಹೆಸರನ್ನು ಮಲ್ಲೇಶ್ವರದವರು ಇಂದಿಗೂ ಹೇಳುತ್ತಾರೆ.

ಆದರೆ ಕೆರೆ ತುಂಬುವುದು ಮಳೆಯಿಂದ. 1920ರ ದಶಕದಲ್ಲಿ ಮಳೆ ಕೈಕೊಟ್ಟು ಹೆಸರಘಟ್ಟ ಬರಿದಾಯಿತು. 1933ಕ್ಕೆ ತಿಪ್ಪಗೊಂಡನಹಳ್ಳಿ ಜಲಾಶಯ ಬಂತು, 1974ರಲ್ಲಿ ದೂರದ ಕಾವೇರಿಯೇ ಬಂದಳು. ಹತ್ತಿರದ ಅರ್ಕಾವತಿಯನ್ನು ಊರು ಮರೆಯಿತು. ನೀರು ಬರುವ ದಾರಿಗಳು ಮುಚ್ಚಿದವು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ನಗರದ ಅಂಚಿನ ಮನೆಗಳ ಹೆಂಗಸರು ಟ್ಯಾಂಕರ್ ದಾರಿ ಕಾಯುವಂತಾಯಿತು. ನಗರಕ್ಕೆ ಮೊದಲು ನೀರು ಕಳಿಸಿದ ಈ ದಿಕ್ಕಿನಲ್ಲೂ ಕೊಡಪಾನ ಸಾಲು ನಿಂತರೆ ಹೊಟ್ಟೆ ಉರಿಯದೇ ಇರುತ್ತದೆಯೇ?

ಬರುವವರಿಗೆ ಎರಡು ಮಾತು. ಪಂಪ್‌ಹೌಸ್ ಒಳಗೆ ಹೋಗಲು ಜಲಮಂಡಳಿಯ ಅಪ್ಪಣೆ ಕೇಳಿಕೊಳ್ಳಿ. ಚಿತ್ರಾನ್ನ, ಮೊಸರನ್ನದ ಬುತ್ತಿ ಕಟ್ಟಿಕೊಂಡು ಹೆಸರಘಟ್ಟದ ಏರಿಯವರೆಗೂ ಹೋಗಿ. ಮಳೆಗಾಲ ಮುಗಿದ ಮೇಲೆ ಬಂದರೆ ಚೆನ್ನ. ಕುಡಿಯುವ ನೀರು ಮನೆಯಿಂದಲೇ ಇರಲಿ, ಎಲೆ, ಕಾಗದ ಅಲ್ಲಿ ಬಿಸಾಡಬೇಡಿ.

ಮಕ್ಕಳನ್ನು ಮರೆಯದೆ ಕರೆತನ್ನಿ. ನಿಮ್ಮೂರಿನ ನಲ್ಲಿಗೆ ನೀರು ಯಾವ ಕೆರೆ, ಯಾವ ಹೊಳೆಯಿಂದ ಬರುತ್ತೆ ಅಂತ ಅವರನ್ನೇ ಕೇಳಿ ನೋಡಿ.