ಇಸ್ತ್ರಿ ಹಾಕದ ಚಂದ್ರ

ಆಫೀಸಿನಲ್ಲಿ ಊಟದ ಹೊತ್ತಿಗೆ ಸಿನಿಮಾ ಮಾತು ಬಂದ್ರೆ ನಾನು ಮರ್ಯಾದಸ್ಥ ಉತ್ತರವನ್ನೇ ಕೊಡ್ತೀನಿ. ‘ದ ಡಾರ್ಕ್ ನೈಟ್’ ಅಂತೀನಿ, ‘ಲೋಗನ್’ ಅಂತೀನಿ. ಸುಳ್ಳೇನಲ್ಲ, ಎರಡೂ ಇಷ್ಟವೇ. ಆದ್ರೆ ಅವನ್ನ ನೋಡಿರೋದು ಎರಡೆರಡು ಸಲ ಅಷ್ಟೇ. ಒಂಬತ್ತು ಸಲ ನೋಡಿರೋ ಸೂಪರ್‌ಹೀರೋ ಸಿನಿಮಾ ಬೇರೆ ಇದೆ, ಅದರ ಹೆಸರು ಮಾತ್ರ ಯಾರ ಮುಂದೂ ಎತ್ತಲ್ಲ. ಇಲ್ಲಿ ನೀವೇ ತಾನೆ, ಹೇಳಿಬಿಡ್ತೀನಿ... ‘ಸೂಪರ್‌ಮ್ಯಾನ್ 4: ದ ಕ್ವೆಸ್ಟ್ ಫಾರ್ ಪೀಸ್’. 1987ರದ್ದು. ನಾನು ಹುಟ್ಟೋಕೂ ಹತ್ತು ವರ್ಷ ಮುಂಚಿನದು.

ನೋಡದೇ ಉಳಿದ ಪುಣ್ಯವಂತರಿಗೆ ಕಥೆ ಹೇಳ್ತೀನಿ. ಒಬ್ಬ ಶಾಲೆ ಹುಡುಗ ಸೂಪರ್‌ಮ್ಯಾನ್‌ಗೆ ಪತ್ರ ಬರೀತಾನೆ, ಜಗತ್ತಿನ ಅಣ್ವಸ್ತ್ರಗಳನ್ನೆಲ್ಲ ಇಲ್ಲದ ಹಾಗೆ ಮಾಡು ಅಂತ. ಸೂಪರ್‌ಮ್ಯಾನ್ ತುಂಬಾ ಯೋಚಿಸಿ, ವಿಶ್ವಸಂಸ್ಥೆಗೆ ಹೋಗಿ ಭಾಷಣ ಮಾಡಿ, ಆಮೇಲೆ ಕ್ಷಿಪಣಿಗಳನ್ನೆಲ್ಲ ಬಾಹ್ಯಾಕಾಶದಲ್ಲಿ ಒಂದು ದೊಡ್ಡ ಬಲೆಗೆ ತುಂಬಿ, ಗಿರಗಿರ ತಿರುಗಿಸಿ ಸೂರ್ಯನಿಗೆ ಎಸೀತಾನೆ. ಈ ಕಡೆ ಲೆಕ್ಸ್ ಲೂಥರ್ ಮ್ಯೂಸಿಯಮ್ಮಿನಿಂದ ಸೂಪರ್‌ಮ್ಯಾನಿನ ಒಂದು ಕೂದಲು ಕದೀತಾನೆ. ಆ ಕೂದಲು ಎಷ್ಟು ಗಟ್ಟಿ ಅಂತ ತೋರಿಸೋಕೆ ಅದಕ್ಕೆ ಭಾರೀ ತೂಕ ನೇತುಹಾಕಿರ್ತಾರೆ. ಲೂಥರ್ ಅದನ್ನ ಒಂದು ಕಟರ್‌ನಲ್ಲಿ ಕಚಕ್ ಅಂತ ಕತ್ತರಿಸ್ತಾನೆ! ಆ ಕೂದಲಿಂದ, ಸೂರ್ಯನ ಶಾಖದಲ್ಲಿ ಹುಟ್ಟೋನೇ ನ್ಯೂಕ್ಲಿಯರ್ ಮ್ಯಾನ್. ಮೈ ಮಾರ್ಕ್ ಪಿಲ್ಲೋ ಅನ್ನೋ ನಟನದು, ದನಿ ಲೂಥರ್ ಪಾತ್ರ ಮಾಡಿದ ಜೀನ್ ಹ್ಯಾಕ್‌ಮನ್‌ದು. ಕೈಗೆ ಉದ್ದುದ್ದ ಉಗುರು. ಬಿಸಿಲು ಬಿದ್ರೆ ಮಾತ್ರ ಇವನಿಗೆ ಶಕ್ತಿ, ನೆರಳಿಗೆ ಬಂದ ಕೂಡಲೇ ಗೊಂಬೆ ಥರ ನಿಂತುಬಿಡ್ತಾನೆ. ನಮ್ಮ ಸಾಗರದ ಕಡೆ ಮಳೆಗಾಲದಲ್ಲಿ ಹುಟ್ಟಿದ್ರೆ ಪಾಪ, ನಾಲ್ಕು ತಿಂಗಳು ಎದ್ದೇಳ್ತಾನೇ ಇರ್ಲಿಲ್ಲ. ಯಾರಾದ್ರೂ ಒಂದು ಕೊಡೆ ಹಿಡಿದಿದ್ರೆ ಸಿನಿಮಾ ಅಲ್ಲಿಗೇ ಮುಗಿದಿರೋದು. ಆದ್ರೆ ಸೂಪರ್‌ಮ್ಯಾನ್ ಅದಕ್ಕೋಸ್ಕರ ಚಂದ್ರನನ್ನೇ ತಳ್ಳಿಕೊಂಡು ಬಂದು ಗ್ರಹಣ ಮಾಡಿಸ್ತಾನೆ. ಸಮುದ್ರ ಉಕ್ಕಲ್ಲ, ಏನೂ ಆಗಲ್ಲ :-)

ಚೀನಾದ ಮಹಾಗೋಡೆ ಒಡೆದಾಗ ಸೂಪರ್‌ಮ್ಯಾನ್ ಕಣ್ಣಿಂದ ಬೆಳಕು ಬಿಡ್ತಾನೆ, ಕಲ್ಲುಗಳು ತಾವಾಗೇ ಎದ್ದು ಕೂರ್ತವೆ. ಅಂಥ ಒಂದು ಶಕ್ತಿ ಅವನಿಗಿತ್ತು ಅಂತ ಹಿಂದಿನ ಮೂರು ಸಿನಿಮಾದಲ್ಲಿ ಯಾರೂ ಹೇಳಿರ್ಲಿಲ್ಲ. ಜ್ವಾಲಾಮುಖಿ ಉಕ್ಕಿದ್ರೆ ಬೆಟ್ಟದ ತುದಿ ಕತ್ತರಿಸಿ ತಂದು ಬಾಟಲಿಗೆ ಬಿರಡೆ ಹಾಕಿದ ಹಾಗೆ ಹಾಕ್ತಾನೆ. ನ್ಯೂಕ್ಲಿಯರ್ ಮ್ಯಾನ್ ಒಬ್ಬ ಹುಡುಗಿಯನ್ನ ಬಾಹ್ಯಾಕಾಶಕ್ಕೆ ಎತ್ತಿಕೊಂಡು ಹೋದ್ರೆ ಅವಳು ಆರಾಮಾಗಿ ಉಸಿರಾಡ್ತಾ ಇರ್ತಾಳೆ. ಇನ್ನು ಹಾರೋ ದೃಶ್ಯ... ಸೂಪರ್‌ಮ್ಯಾನ್ ಕೈ ಮುಂದೆ ಮಾಡಿ ನೇರ ನಮ್ಮ ಕಡೆಗೇ ಹಾರಿಬರೋ ಒಂದು ಶಾಟ್ ಇದೆ. ಅದನ್ನೇ ಆಕಾಶಕ್ಕೆ, ಊರಿಗೆ, ಬಾಹ್ಯಾಕಾಶಕ್ಕೆ, ಎಲ್ಲಾ ಕಡೆ ಹಿಂದಿನ ಚಿತ್ರ ಬದಲಿಸಿ ಬದಲಿಸಿ ಅಂಟಿಸಿದಾರೆ. ಒಂದು ಸಲ ಗೊತ್ತಾದ ಮೇಲೆ ಮುಗೀತು, ಲೆಕ್ಕ ಇಡೋದೇ ಕೆಲಸ.

ಆದ್ರೆ ಶಿಖರ ಅಂದ್ರೆ ಚಂದ್ರನ ಮೇಲಿನ ಕುಸ್ತಿ. ಹಿಂದಿನ ಕಪ್ಪು ಬಾಹ್ಯಾಕಾಶದಲ್ಲಿ ಸರಿಯಾಗಿ ನೋಡಿದ್ರೆ ನಿರಿಗೆ ಕಾಣ್ತವೆ. ಕಪ್ಪು ಪರದೆ ಅದು. ಹೋದ ವರ್ಷ ಊರಿಗೆ ಹೋದಾಗ ತಂಗಿಗೆ ಒತ್ತಾಯ ಮಾಡಿ ತೋರಿಸಿದೆ. ಅವಳು ಆ ಜಾಗಕ್ಕೆ ಬರ್ತಿದ್ದ ಹಾಗೆ ಮೊಬೈಲ್ ಕೆಳಗಿಟ್ಟು ಕೇಳಿದ್ಲು, “ಅಣ್ಣಾ, ಚಂದ್ರನಿಗೆ ಇಸ್ತ್ರಿ ಹಾಕೋಕೆ ಯಾರೂ ಇರ್ಲಿಲ್ವಾ?” ಇಬ್ರೂ ಹೊಟ್ಟೆ ಹಿಡ್ಕೊಂಡು ನಕ್ಕಿದ್ದಕ್ಕೆ ಒಳಗಿಂದ ಅಮ್ಮ ಬಂದು ಬೈದು ಹೋದ್ರು.

ಇರ್ತಿದ್ರು. ದುಡ್ಡಿರ್ಲಿಲ್ಲ.

ಇದನ್ನ ಹುಡುಕಿ ಓದಿದ ಮೇಲೆ ಆ ಸಿನಿಮಾ ನೋಡೋ ರೀತಿಯೇ ಬದಲಾಯ್ತು. ಮೊದಲು ಹೇಳಿದ್ದ ಬಜೆಟ್ ಸುಮಾರು 36 ಮಿಲಿಯನ್ ಡಾಲರ್. ತೆಗೆದದ್ದು ಕ್ಯಾನನ್ ಅನ್ನೋ ಕಂಪನಿ, ಮೆನಾಹೆಮ್ ಗೋಲನ್ ಮತ್ತು ಯೋರಮ್ ಗ್ಲೋಬಸ್ ಅನ್ನೋ ಇಬ್ಬರು ಸೋದರಸಂಬಂಧಿಗಳದು. ಕೈಯಲ್ಲಿ ಒಂದೇ ಕಾಲಕ್ಕೆ ಹತ್ತಾರು ಸಿನಿಮಾ ಇಟ್ಟುಕೊಂಡು, ದುಡ್ಡಿಗೆ ಪರದಾಡ್ತಿದ್ದ ಕಂಪನಿ. ಶೂಟಿಂಗ್ ಶುರುವಾಗೋ ಹೊತ್ತಿಗೆ 36 ಹೋಗಿ 17 ಆಯ್ತು. ನ್ಯೂಯಾರ್ಕ್‌ನಲ್ಲಿ ತೆಗೀಬೇಕಿದ್ದ ವಿಶ್ವಸಂಸ್ಥೆ ದೃಶ್ಯ ಇಂಗ್ಲೆಂಡಿನ ಮಿಲ್ಟನ್ ಕೀನ್ಸ್ ಅನ್ನೋ ಊರಿನ ರೈಲ್ವೆ ಸ್ಟೇಷನ್ ಎದುರಿನ ಅಂಗಳಕ್ಕೆ ಬಂತು. ಸೂಪರ್‌ಮ್ಯಾನ್ ರಸ್ತೆಯಲ್ಲಿ ನಡೆದು ಬರ್ತಾನೆ, ಹಿಂದೆ ಒಂದಿಷ್ಟು ಜನ. ನ್ಯೂಯಾರ್ಕ್ ಆಗಿದ್ರೆ ಎಷ್ಟು ಜನ ಸೇರ್ತಿದ್ರು, ಕಿಟಕಿಗಳಿಂದ ಎಷ್ಟು ಜನ ನೋಡ್ತಿದ್ರು, ಇಲ್ಲಿ ಮಳೆಯಲ್ಲಿ ಹೇಗೆ ತೆಗೆದ್ವಿ ಅಂತ ಸೂಪರ್‌ಮ್ಯಾನ್ ಪಾತ್ರಧಾರಿ ಕ್ರಿಸ್ಟೋಫರ್ ರೀವ್ ತಮ್ಮ ಆತ್ಮಕಥೆ ‘ಸ್ಟಿಲ್ ಮೀ’ಯಲ್ಲಿ ಬೇಜಾರಿನಿಂದಲೇ ಬರೆದಿದಾರೆ. ಇಷ್ಟೆಲ್ಲ ಆಗಿ ಕೊನೆಗೆ ಸುಮಾರು 45 ನಿಮಿಷ ಕತ್ತರಿಸಿ, 90 ನಿಮಿಷಕ್ಕೆ ಇಳಿಸಿ ಬಿಡುಗಡೆ ಮಾಡಿದ್ರು.

ಇದನ್ನ ಓದುವಾಗ ನಂಗೆ ಹಾಲಿವುಡ್ ನೆನಪಾಗ್ಲಿಲ್ಲ, ನನ್ನ ಎರಡನೇ ಪ್ರಾಜೆಕ್ಟ್ ನೆನಪಾಯ್ತು. ಹದಿನಾಲ್ಕು ಜನರ ಟೀಮು, ಹದಿನೆಂಟು ತಿಂಗಳು ಅಂತ ಶುರುವಾಗಿದ್ದು. ಮಧ್ಯದಲ್ಲಿ ಕ್ಲೈಂಟು ಬಜೆಟ್ ಅರ್ಧಕ್ಕೆ ಇಳಿಸಿದ, ರಿಲೀಸ್ ತಾರೀಖು ಮಾತ್ರ ಅಲುಗಾಡ್ಲಿಲ್ಲ. ಆರು ಜನ ಉಳಿದ್ವಿ. ಹೊಸ ಸ್ಕ್ರೀನ್ ಬರೆಯೋಕೆ ಟೈಮಿಲ್ಲ, ಒಂದೇ ಸ್ಕ್ರೀನನ್ನ ತಲೆಬರಹ ಬದಲಿಸಿ ನಾಲ್ಕು ಕಡೆ ಹಾಕಿದ್ವಿ. ಥೇಟ್ ಆ ಹಾರೋ ಶಾಟ್ ಥರ! ನಮ್ಮ ಲೀಡ್ ಒಬ್ರು ಇದ್ರು, ಒಂದೊಂದು ಬಟನ್ನಿಗೂ ಪ್ರಾಣ ಬಿಡೋ ಮನುಷ್ಯ. ರಿಲೀಸ್ ಆದ ವಾರ ಬಳಕೆದಾರರು ಬರೆದ ವಿಮರ್ಶೆಗಳನ್ನ ಅವರು ಕ್ಯಾಂಟೀನಲ್ಲಿ ಕೂತು ಒಂದೊಂದಾಗಿ ಓದ್ತಿದ್ರು. ಇದನ್ನ ಮಾಡಿದೋರು ಕಣ್ಣು ಮುಚ್ಚಿಕೊಂಡು ಮಾಡಿದಾರಾ ಅಂತ ಒಬ್ಬ ಬರೆದಿದ್ದ. ಲೀಡ್ ಏನೂ ಮಾತಾಡದೆ ಟೀ ಕುಡಿದು ಎದ್ದು ಹೋದ್ರು. ಆಪ್ ತಮಾಷೆಯಾಗೇ ಇತ್ತು, ಅದು ನಿಜ. ಹೊರಗಿನವನಾಗಿದ್ರೆ ನಾನೂ ನಗ್ತಿದ್ದೆ.

ಹಾಗಾಗಿ ಆ ಪರದೆಯ ನಿರಿಗೆ ಕಂಡಾಗ ನಂಗೆ ಬರೋ ಖುಷಿಯಲ್ಲಿ ಗೇಲಿ ಅರ್ಧ ಮಾತ್ರ. ಉಳಿದರ್ಧ ಗುರುತು ಸಿಕ್ಕ ಖುಷಿ. ಚೆನ್ನಾಗಿ ಮಾಡಿದ ಸಿನಿಮಾದಲ್ಲಿ ಕೆಲಸ ಮಾಡಿದವರು ಕಾಣೋದೇ ಇಲ್ಲ, ಅವರು ಕಾಣಬಾರದು ಅನ್ನೋದೇ ಅವರ ಕೆಲಸ. ಇಲ್ಲಿ ಪ್ರತಿ ಫ್ರೇಮಿನಲ್ಲೂ ಯಾರೋ ಒಬ್ಬ, “ಇಷ್ಟೇ ಇದೆ, ಇದರಲ್ಲೇ ಮಾಡು” ಅಂತ ಹೇಳಿಸಿಕೊಂಡವನು ಕಾಣ್ತಾನೆ. ಪರದೆ ಕಟ್ಟಿದವನಿಗೆ ಅದರ ನಿರಿಗೆ ಕಂಡಿರಲ್ವಾ? ಖಂಡಿತ ಕಂಡಿರುತ್ತೆ.

ಪರದೆ ಅಂದ್ರೆ ನಮಗೇನು ಹೊಸದಲ್ಲ. ಬಯಲಾಟದಲ್ಲಿ ಒಡ್ಡೋಲಗಕ್ಕೆ ಇಬ್ಬರು ತೆರೆ ಹಿಡ್ಕೊಂಡು ನಿಂತಿರ್ತಾರೆ, ಹಿಡಿದವರ ಮುಖವೂ ಕಾಣುತ್ತೆ, ಅದರ ಹಿಂದೆ ರಾಕ್ಷಸ ಆರ್ಭಟ ಕೊಡೋದೂ ಕೇಳುತ್ತೆ. ನಾವ್ಯಾರೂ ನಗಲ್ಲ, ಸಣ್ಣವನಿದ್ದಾಗ ನಾನು ಅಜ್ಜನ ಪಂಚೆಯೊಳಗೆ ಮುಖ ಮುಚ್ಚಿಕೊಳ್ತಿದ್ದೆ. ಅಲ್ಲಿ ತೆರೆ ತಾನು ತೆರೆಯಲ್ಲ ಅಂತ ಹೇಳ್ಕೊಳ್ಳಲ್ಲ. ಸೂಪರ್‌ಮ್ಯಾನ್ ಕಥೆ ಹಾಗಲ್ಲ. 1978ರ ಮೊದಲ ಸಿನಿಮಾದ ಜಾಹೀರಾತೇ, ಮನುಷ್ಯ ಹಾರೋದನ್ನ ನೀವು ನಂಬ್ತೀರಿ ಅಂತ. ನಂಬಿಸಿದ್ರು ಕೂಡ, ವಿಶೇಷ ಆಸ್ಕರ್ ಬಂತು ಅದಕ್ಕೆ. ಒಂಬತ್ತು ವರ್ಷ ಆದ ಮೇಲೆ ಅದೇ ನಟ, ಅದೇ ಬಟ್ಟೆ, ಆ ಮಾತನ್ನ ಉಳಿಸಿಕೊಳ್ಳೋಕೆ ಬೇಕಾದ ದುಡ್ಡು ಮಾತ್ರ ಇಲ್ಲ.

ನಂಗೆ ನಿಜವಾಗಿ ಚುಚ್ಚೋದು ರೀವ್. 1983ರ ಮೂರನೇ ಸಿನಿಮಾ ಆದ ಮೇಲೆ ಆ ಮನುಷ್ಯ ಸೂಪರ್‌ಮ್ಯಾನ್ ಸಾಕು ಅಂದಿದ್ರು. ಕ್ಯಾನನ್‌ನವರು, ನಿಮಗೆ ಬೇಕಾದ ಇನ್ನೊಂದು ಸಿನಿಮಾಗೂ ದುಡ್ಡು ಹಾಕ್ತೀವಿ, ಇದರ ಕಥೆಯಲ್ಲೂ ನಿಮ್ಮ ಮಾತು ನಡೆಯುತ್ತೆ ಅಂತ ಒಪ್ಪಿಸಿದ್ರು. ಆ ಇನ್ನೊಂದು ಸಿನಿಮಾ ‘ಸ್ಟ್ರೀಟ್ ಸ್ಮಾರ್ಟ್’. ಮಾರ್ಗನ್ ಫ್ರೀಮನ್‌ಗೆ ಮೊದಲ ಆಸ್ಕರ್ ನಾಮನಿರ್ದೇಶನ ಕೊಡಿಸಿದ್ದು ಅದೇ. ಅಣ್ವಸ್ತ್ರದ ಕಥೆಗೆ ಕೈ ಹಾಕಿದವರಲ್ಲಿ ರೀವ್ ಒಬ್ರು, ಟೈಟಲ್ಲಿನಲ್ಲಿ ಕಥೆಗಾರರ ಜೊತೆ ಅವರ ಹೆಸರಿದೆ. ಆ ಭಾಷಣ ಅವರ ಮಟ್ಟಿಗೆ ತಮಾಷೆ ಆಗಿರ್ಲಿಲ್ಲ. ಸಿನಿಮಾ ಮಕಾಡೆ ಮಲಗಿದ ಅದೇ 1987ರ ಕೊನೆಗೆ ಅವರು ಚಿಲಿ ದೇಶಕ್ಕೆ ಹೋದ್ರು. ಪಿನೋಚೆ ಆಳ್ವಿಕೆಯಲ್ಲಿ ಅಲ್ಲಿನ 77 ಜನ ನಾಟಕ-ಸಿನಿಮಾ ಕಲಾವಿದರಿಗೆ ಕೊಲೆ ಬೆದರಿಕೆ ಬಂದಿತ್ತು, ಅವರ ಜೊತೆ ನಿಲ್ಲೋಕೆ. ಅಲ್ಲಿ ಹಿಂದೆ ಪರದೆ ಇರ್ಲಿಲ್ಲ, ತಂತಿಯೂ ಇರ್ಲಿಲ್ಲ. 1995ರಲ್ಲಿ ಕುದುರೆಯಿಂದ ಬಿದ್ದು ಕುತ್ತಿಗೆಯಿಂದ ಕೆಳಗೆ ಸ್ವಾಧೀನ ತಪ್ಪಿತು, 2004ರಲ್ಲಿ ತೀರಿಕೊಂಡ್ರು.

ಹಾಗಂತ ಸಿನಿಮಾ ಒಳ್ಳೇದಾಗಿಬಿಡಲ್ಲ. ಉದ್ದೇಶ ಒಳ್ಳೇದಿತ್ತು ಅಂತ ಕೆಟ್ಟ ಸಿನಿಮಾಗೆ ಮಾರ್ಕ್ಸ್ ಕೊಡೋರನ್ನ ಕಂಡ್ರೆ ನಂಗೆ ಆಗಲ್ಲ. ಆದ್ರೆ ಮಿಲ್ಟನ್ ಕೀನ್ಸಿನ ಆ ನಡಿಗೆ ಬಂದಾಗಲೆಲ್ಲ ನಗು ಗಂಟಲಲ್ಲೇ ನಿಲ್ಲುತ್ತೆ. ನೂರೋ ಇನ್ನೂರೋ ಜನ, ಮೋಡ ಮುಚ್ಚಿದ ಆಕಾಶ, ಹಿಂದೆ ಗಾಜಿನ ಕಟ್ಟಡ. ರೀವ್ ಮಾತ್ರ ನ್ಯೂಯಾರ್ಕಿನಲ್ಲೇ ಇದಾರೆ, ಲಕ್ಷ ಜನರ ಮಧ್ಯೆ. ಬಜೆಟ್ಟು ಕಡಿಮೆಯಾಗಿದ್ದು ಅವರೊಬ್ಬರ ಮುಖಕ್ಕೆ ಯಾರೂ ಹೇಳಿಲ್ಲ ಅನ್ನೋ ಹಾಗೆ. ಅದಾದ ಹತ್ತು ನಿಮಿಷಕ್ಕೆ ಆ ಕಟರ್ ಮತ್ತು ಕೂದಲು ನೆನಪಾಗಿ ಮತ್ತೆ ನಗು ಶುರು. ಏನ್ಮಾಡ್ಲಿ!

ಅಂದಹಾಗೆ, ಕತ್ತರಿಸಿದ್ದರಲ್ಲಿ ಸುಮಾರು ಅರ್ಧ ಗಂಟೆಯಷ್ಟು 2006ರ ಡಿವಿಡಿಯಲ್ಲಿ ಬಂದಿದೆ. ಅದರಲ್ಲಿ ಇನ್ನೊಬ್ಬ ನ್ಯೂಕ್ಲಿಯರ್ ಮ್ಯಾನ್ ಇದಾನೆ, ಮೊದಲನೇ ಪ್ರಯತ್ನದಲ್ಲಿ ಹುಟ್ಟಿದ ಪೆದ್ದ. ಹುಡುಕಿ ನೋಡಿದೆ. ಸಿನಿಮಾಗಿಂತ ಕೆಟ್ಟದಾಗಿದೆ. ಶನಿವಾರ ತಂಗಿ ಬರ್ತಿದಾಳೆ, ಅವಳಿಗೂ ತೋರಿಸ್ಬೇಕು.