ಏಳನೆಯ ಸ್ಪೀಕರ್

ಮನೆಗೆ ಹೋಂ ಥಿಯೇಟರ್ ತಂದವರು ಹೇಳುವ ದೂರು ಬಹುಮಟ್ಟಿಗೆ ಒಂದೇ: ಮಾತು ಕೇಳಿಸುವುದಿಲ್ಲ, ಫೈಟು ಬಂತೆಂದರೆ ಕಿವಿ ಒಡೆದುಹೋಗುತ್ತದೆ. ಸಿನಿಮಾ ಮುಗಿಯುವವರೆಗೂ ರಿಮೋಟ್ ಕೆಳಗಿಡುವ ಹಾಗಿಲ್ಲ. ಮಾತಿಗೆ ಏರಿಸಬೇಕು, ಹಾಡಿಗೆ ಇಳಿಸಬೇಕು. ಇದಕ್ಕೆ ಅಂಗಡಿಯಲ್ಲಿ ಸಿಗುವ ಉತ್ತರವೂ ಒಂದೇ: ಇನ್ನೂ ದೊಡ್ಡ ಸೆಟ್ಟು, ಇನ್ನೂ ಹೆಚ್ಚು ವ್ಯಾಟ್. ಈ ಉತ್ತರವನ್ನು ನಾನು ಒಪ್ಪುವುದಿಲ್ಲ. ಐದು ಸ್ಪೀಕರು ಮತ್ತು ಒಂದು ಸಬ್‌ವೂಫರ್ ಇರುವ ಸೆಟ್ಟಿನಲ್ಲಿ, ಡಬ್ಬಿಯ ಮೇಲೆ ಬರೆಯದ ಏಳನೆಯ ಸ್ಪೀಕರೊಂದು ಸದಾ ಮೊಳಗುತ್ತಿರುತ್ತದೆ. ಅದು ನಾವು ಕೂತಿರುವ ಕೋಣೆ. ಉಳಿದ ಆರನ್ನು ನೋಡಿ, ಕೇಳಿ, ಚೌಕಾಸಿ ಮಾಡಿ ತಂದಿರುತ್ತೇವೆ. ಏಳನೆಯದನ್ನು ಮೇಸ್ತ್ರಿ ಇಟ್ಟಿಗೆ, ಗಾರೆ, ಟೈಲ್ಸ್‌ಗಳಿಂದ ಕಟ್ಟಿಕೊಟ್ಟಿರುತ್ತಾನೆ, ಅದರ ದನಿ ಹೇಗಿದೆಯೆಂದು ಯಾರೂ ಕೇಳಿರುವುದಿಲ್ಲ. ಹೋಂ ಥಿಯೇಟರ್ ಕೂರಿಸುವ ಕೆಲಸದ ಹೆಚ್ಚಿನ ಪಾಲು ಈ ಏಳನೆಯದನ್ನು ಅರಿತು ಪಳಗಿಸುವ ಕೆಲಸ. ಆ ಹವ್ಯಾಸದ ಸೊಗಸೆಲ್ಲ ಇರುವುದೂ ಅಲ್ಲೇ.

ವಿಜಯಪುರದ ಗೋಳಗುಮ್ಮಟವನ್ನು ಕಂಡವರಿಗೆ ಕಟ್ಟಡ ಹೇಗೆ ದನಿಗೂಡಿಸುತ್ತದೆಂದು ವಿವರಿಸಬೇಕಾಗಿಲ್ಲ. 1656ರಲ್ಲಿ ಮುಗಿದ ಮುಹಮ್ಮದ್ ಆದಿಲ್ ಶಾಹನ ಆ ಸಮಾಧಿಯ ಗುಮ್ಮಟ ಒಳಗಡೆ ಸುಮಾರು 38 ಮೀಟರ್ ಅಗಲವಿದೆ. ಮೇಲಿನ ಪಡಸಾಲೆಯಲ್ಲಿ ನಿಂತು ಚಪ್ಪಾಳೆ ತಟ್ಟಿದರೆ ಸದ್ದು ಎದುರು ಗೋಡೆ ಮುಟ್ಟಿ ಮರಳಲು 76 ಮೀಟರ್ ಸಾಗಬೇಕು. ಸೆಕೆಂಡಿಗೆ ಸುಮಾರು 343 ಮೀಟರ್ ವೇಗದಲ್ಲಿ ಅದಕ್ಕೆ ಐದರಲ್ಲೊಂದು ಸೆಕೆಂಡಿಗಿಂತ ತುಸು ಹೆಚ್ಚು ಹೊತ್ತು ಬೇಕು. ಅಷ್ಟು ತಡವಾಗಿ ಬಂದದ್ದನ್ನು ಕಿವಿ ಬೇರೆಯೇ ಸದ್ದೆಂದು ಗುರುತಿಸುತ್ತದೆ. ನಮ್ಮ ಹಾಲ್‌ನಲ್ಲಿ ನಡೆಯುವುದೂ ಇದೇ, ಅಳತೆ ಮಾತ್ರ ಚಿಕ್ಕದು. ಪಕ್ಕದ ಗೋಡೆಗೆ ಬಡಿದು ಬರುವ ಸದ್ದು ಸ್ಪೀಕರಿನಿಂದ ನೇರ ಬರುವುದಕ್ಕಿಂತ ಒಂದೂವರೆ, ಎರಡು ಮೀಟರ್ ಹೆಚ್ಚು ದಾರಿ ನಡೆದಿರುತ್ತದೆ; ತಡವಾಗುವುದು ನಾಲ್ಕರಿಂದ ಆರು ಮಿಲಿಸೆಕೆಂಡ್ ಅಷ್ಟೆ. ಇಂಥ ಸಣ್ಣ ಅಂತರದ ಎರಡು ಸದ್ದುಗಳನ್ನು ಕಿವಿ ಒಂದಾಗಿ ಬೆರೆಸಿ, ಮೊದಲು ಬಂದ ದಿಕ್ಕಿಗೇ ಎರಡನ್ನೂ ಸೇರಿಸಿಬಿಡುತ್ತದೆಂದು ಜರ್ಮನಿಯ ಹೆಲ್ಮುಟ್ ಹಾಸ್ 1949ರ ತಮ್ಮ ಸಂಶೋಧನಾ ಪ್ರಬಂಧದಲ್ಲಿ ತೋರಿಸಿದರು. ಗುಮ್ಮಟದಲ್ಲಿ ಗೋಡೆ ತನ್ನ ಹೆಸರಿನಲ್ಲೇ ಮಾತಾಡುತ್ತದೆ, ಹಾಲ್‌ನಲ್ಲಿ ಸ್ಪೀಕರಿನ ಹೆಸರಿನಲ್ಲಿ ಮಾತಾಡುತ್ತದೆ. ಅದಕ್ಕೇ ಬೈಗುಳವೂ ಸ್ಪೀಕರಿಗೇ ಸಲ್ಲುತ್ತದೆ.

ಕೋಣೆಯ ಪಾಲು ಎಷ್ಟೆಂಬುದನ್ನು ಮೊದಲ ಸಲ ಅಳೆದವರು ವ್ಯಾಲೇಸ್ ಸಬೀನ್. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಫಾಗ್ ಮ್ಯೂಸಿಯಂನ ಹೊಸ ಉಪನ್ಯಾಸ ಮಂದಿರದಲ್ಲಿ ಭಾಷಣಕಾರರ ಮಾತು ಯಾರಿಗೂ ಅರ್ಥವಾಗುತ್ತಿರಲಿಲ್ಲ. ಆಡಿದ ಮಾತು ಐದು ಸೆಕೆಂಡಿಗೂ ಮೀರಿ ಗುಂಯ್‌ಗುಡುತ್ತಿತ್ತು. ಯುವ ಭೌತವಿಜ್ಞಾನಿ ಸಬೀನ್ ಊರು ಮಲಗಿದ ಮೇಲೆ ಪಕ್ಕದ ಸ್ಯಾಂಡರ್ಸ್ ಥಿಯೇಟರಿನ ಕುರ್ಚಿಯ ದಿಂಬುಗಳನ್ನು ಹೊರಿಸಿ ತಂದು, ಆರ್ಗನ್ನಿನ ಒಂದು ಕೊಳವೆ ಊದಿಸಿ, ಸದ್ದು ಆರುವವರೆಗಿನ ಹೊತ್ತನ್ನು ಅಳೆದರು. ದಿಂಬು ಹೆಚ್ಚಿದಷ್ಟೂ ಗುಂಗು ಕುಗ್ಗಿತು. ಕೋಣೆಯ ಗಾತ್ರವನ್ನು ಅದರೊಳಗಿನ ಒಟ್ಟು ಹೀರಿಕೆಯಿಂದ ಭಾಗಿಸಿ 0.161ರಿಂದ ಗುಣಿಸಿದರೆ ಗುಂಗಿನ ಕಾಲ ಸಿಗುತ್ತದೆಂಬ ಸೂತ್ರ ಹುಟ್ಟಿದ್ದು ಈ ರಾತ್ರಿಗಳಿಂದ. 1900ರಲ್ಲಿ ತೆರೆದ ಬಾಸ್ಟನ್ ಸಿಂಫನಿ ಹಾಲ್ ಕಟ್ಟಿದ್ದೂ ಈ ಲೆಕ್ಕದ ಮೇಲೆಯೇ. ಅದನ್ನು ನಮ್ಮ 15 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರದ ಹಾಲ್‌ಗೆ ಹಚ್ಚಿ ನೋಡಿ. ಗಾತ್ರ ಸುಮಾರು 51 ಘನ ಮೀಟರ್. ಗಾರೆ ಬಳಿದ ಗೋಡೆ, ಟೈಲ್ಸ್ ನೆಲ, ಕಾಂಕ್ರೀಟ್ ಸೂರು ತಮ್ಮ ಮೇಲೆ ಬಿದ್ದ ಸದ್ದಿನಲ್ಲಿ ನೂರಕ್ಕೆ ಮೂರು, ನಾಲ್ಕು ಪಾಲನ್ನಷ್ಟೇ ಹೀರುತ್ತವೆ. ಹಾಗಾಗಿ ಬರಿದಾದ ಹಾಲ್‌ನಲ್ಲಿ ಗುಂಗು ಎರಡು ಸೆಕೆಂಡ್ ದಾಟುತ್ತದೆ. ಸಿನಿಮಾದ ಮಾತು ತಿಳಿಯಾಗಿ ಕೇಳಬೇಕಾದರೆ ಅದು ಅರ್ಧ ಸೆಕೆಂಡಿಗಿಂತ ಕೆಳಗಿರಬೇಕು. ಈ ಅಂತರವನ್ನು ಯಾವ ಆಂಪ್ಲಿಫೈಯರೂ ತುಂಬಲಾರದು, ಏಕೆಂದರೆ ವಾಲ್ಯೂಮ್ ಏರಿಸಿದರೆ ಮಾತಿನ ಜೊತೆಗೆ ಗುಂಗೂ ಅಷ್ಟೇ ಏರುತ್ತದೆ. ತುಂಬಬಲ್ಲದ್ದು ದಪ್ಪ ಜಮಖಾನ, ಬಟ್ಟೆಯ ಸೋಫಾ, ನೆರಿಗೆ ಬಿಟ್ಟ ಭಾರದ ಪರದೆ. ಪುಸ್ತಕದ ಕಪಾಟು ಕೂಡ ಸದ್ದನ್ನು ಒಂದಿಷ್ಟು ಹೀರಿ, ಉಳಿದದ್ದನ್ನು ಚದುರಿಸುತ್ತದೆ. ಎಲ್ಲಿಡಬೇಕೆಂದು ತಿಳಿಯಲು ಒಂದು ಹಳೆಯ ಉಪಾಯವಿದೆ: ಒಬ್ಬರು ಸೋಫಾದಲ್ಲಿ ಕೂತು, ಇನ್ನೊಬ್ಬರು ಪಕ್ಕದ ಗೋಡೆಗುಂಟ ಕನ್ನಡಿ ಸರಿಸುತ್ತ ಹೋದರೆ, ಸ್ಪೀಕರ್ ಕನ್ನಡಿಯಲ್ಲಿ ಎಲ್ಲಿ ಕಾಣುತ್ತದೋ ಅಲ್ಲೇ ಸದ್ದು ಬಡಿದು ಕಿವಿಗೆ ಬರುತ್ತಿದೆ. ಗಾಜಿನ ಟೀಪಾಯಿಗೂ ಈ ಮಾತು ಸಲ್ಲುತ್ತದೆ. ಅದರ ಮೇಲೊಂದು ದಪ್ಪ ಬಟ್ಟೆ ಹಾಸಿದರೂ ಮಾತು ಚೊಕ್ಕವಾಗುತ್ತದೆ.

ಬಾಸ್ ವಿಷಯಕ್ಕೆ ಬಂದರೆ ಜಮಖಾನ, ಪರದೆಗಳ ಆಟ ನಡೆಯುವುದಿಲ್ಲ. 40 ಹರ್ಟ್ಜ್‌ನ ಒಂದು ಅಲೆ ಎಂಟೂವರೆ ಮೀಟರ್ ಉದ್ದ, ಹಾಲ್‌ಗಿಂತಲೂ ದೊಡ್ಡದು. ಎದುರುಬದುರು ಗೋಡೆಗಳ ನಡುವೆ ಅರ್ಧ ಅಲೆ ಸರಿಯಾಗಿ ಹಿಡಿಸುವ ಸ್ವರದಲ್ಲಿ ಕೋಣೆ ತಾನೇ ಹಾಡತೊಡಗುತ್ತದೆ. ನಾವು ಹಿಡಿದ ಹಾಲ್‌ನಲ್ಲಿ ಉದ್ದಕ್ಕೆ 37, 38 ಹರ್ಟ್ಜ್, ಅಗಲಕ್ಕೆ 47, ಎತ್ತರಕ್ಕೆ 56. ಈ ಸ್ವರಗಳು ಗೋಡೆಯ ಬುಡದಲ್ಲಿ ಉಬ್ಬುತ್ತವೆ, ಕೋಣೆಯ ನಟ್ಟನಡುವೆ ಇಲ್ಲವಾಗುತ್ತವೆ. ಒಂದೇ ಸಿನಿಮಾ ನೋಡುತ್ತ ಗೋಡೆಗೊರಗಿದ ಸೋಫಾದವರು ಬಾಸ್ ಜಾಸ್ತಿಯಾಯಿತೆಂದೂ, ನಡುವೆ ಕುರ್ಚಿ ಹಾಕಿಕೊಂಡವರು ಬಾಸೇ ಇಲ್ಲವೆಂದೂ ಹೇಳಿದರೆ ಇಬ್ಬರ ಮಾತೂ ನಿಜ. ಉದ್ದ, ಅಗಲ, ಎತ್ತರ ಮೂರೂ ಸಮವಾದ ಚೌಕದ ಕೋಣೆಯಲ್ಲಿ ಮೂರು ಸ್ವರಗಳೂ ಒಂದರ ಮೇಲೊಂದು ಬಿದ್ದು ಒಂದೇ ಕಡೆ ಬುಸುಗುಡುತ್ತವೆ. ಕೋಣೆ ಆರಿಸುವ ಅವಕಾಶವಿದ್ದರೆ ಚೌಕದ್ದನ್ನು ಬಿಡುವುದೇ ಮೇಲು. ಸಬ್‌ವೂಫರಿಗೆ ಜಾಗ ಹುಡುಕುವ ಕ್ರಮ ನನಗೆ ಬಹಳ ಇಷ್ಟ. ಅದನ್ನು ಎತ್ತಿ ನಾವು ಕೂರುವ ಸೋಫಾದ ಮೇಲೆಯೇ ಇಟ್ಟು, ಬಾಸ್ ತುಂಬಿದ ಒಂದು ಹಾಡು ಹಚ್ಚಿ, ಗೋಡೆಯಂಚಿನಲ್ಲಿ ಮಂಡಿಯೂರಿ ಸಾಗುತ್ತ ಕೇಳಬೇಕು. ಬಾಸ್ ಎಲ್ಲಿ ಉಬ್ಬದೆ, ಬತ್ತದೆ, ಒಂದೊಂದು ಸ್ವರವೂ ಬಿಡಿಸಿಟ್ಟಂತೆ ಕೇಳುತ್ತದೋ ಅಲ್ಲೇ ಸಬ್‌ವೂಫರಿನ ಜಾಗ. ಸದ್ದು ಆ ಮೂಲೆಯಿಂದ ಸೋಫಾಕ್ಕೆ ಬಂದರೂ ಸೋಫಾದಿಂದ ಆ ಮೂಲೆಗೆ ಹೋದರೂ ಕೋಣೆ ಅದಕ್ಕೆ ಮಾಡುವುದು ಒಂದನ್ನೇ ಎಂಬ ಭೌತನಿಯಮ ಇದರ ಹಿಂದಿದೆ.

ಇಲ್ಲೊಂದು ಬಲವಾದ ಆಕ್ಷೇಪವಿದೆ. ಇಂದಿನ ರಿಸೀವರುಗಳ ಜೊತೆ ಪುಟ್ಟ ಮೈಕು ಬರುತ್ತದೆ. ಅದನ್ನು ಕೂರುವ ಜಾಗದಲ್ಲಿಟ್ಟರೆ ಯಂತ್ರವೇ ಸದ್ದು ಹೊರಡಿಸಿ, ಅಳೆದು, ಎಲ್ಲವನ್ನೂ ಸರಿಪಡಿಸಿಕೊಳ್ಳುತ್ತದೆ. ಹಾಗಿರುವಾಗ ಮಂಡಿಯೂರುವುದೇಕೆ? ಮೈಕು ನಿಜಕ್ಕೂ ಉಪಕಾರಿ. ಪ್ರತಿ ಸ್ಪೀಕರಿನ ದೂರವನ್ನು ಅದು ಬೇಗ ಅಳೆದು, ಎಲ್ಲದರ ಸದ್ದೂ ಒಟ್ಟಿಗೆ ತಲುಪುವಂತೆ ಹೊಂದಿಸುತ್ತದೆ. ಉಬ್ಬಿದ ಸ್ವರವನ್ನು ತಗ್ಗಿಸುತ್ತದೆ. ಆದರೆ ಬತ್ತಿದ್ದನ್ನು ತುಂಬಲು ಅದರ ಕೈಲಾಗದು. ಸ್ಪೀಕರಿನಿಂದ ಬಂದ ಅಲೆಯೂ ಗೋಡೆಯಿಂದ ಮರಳಿದ ಅಲೆಯೂ ಒಂದು ಜಾಗದಲ್ಲಿ ಒಂದನ್ನೊಂದು ಅಳಿಸುತ್ತಿದ್ದರೆ, ಶಕ್ತಿ ಹೆಚ್ಚಿಸಿದಾಗ ಎರಡೂ ಸಮನಾಗಿ ಬಲಿಯುತ್ತವೆ, ಸಮನಾಗಿಯೇ ಅಳಿಯುತ್ತವೆ. ಆಂಪ್ಲಿಫೈಯರ್ ಬಿಸಿಯಾಗುವುದಷ್ಟೇ ಲಾಭ. ಆ ಗುಂಡಿಯಿಂದ ಹೊರಬರಲು ಇರುವ ದಾರಿ ಸೋಫಾವನ್ನೋ ಸ್ಪೀಕರನ್ನೋ ಒಂದಡಿ ಸರಿಸುವುದು. ಮೊದಲು ಕೈಯಿಂದ ಜಾಗ ಹೊಂದಿಸಿ ಆಮೇಲೆ ಮೈಕು ಇಟ್ಟರೆ ಯಂತ್ರಕ್ಕೆ ಉಳಿಯುವುದು ಸಣ್ಣಪುಟ್ಟ ತಿದ್ದುಪಡಿ. ಅದನ್ನು ಅದು ಚೆನ್ನಾಗಿ ಮಾಡುತ್ತದೆ.

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ಎಲ್ಲ ತಪ್ಪೂ ಕೋಣೆಯದೆಂದು ನಾನು ವಾದಿಸುತ್ತಿಲ್ಲ. ಯಾವುದು ಯಾರದೆಂದು ತಿಳಿಯಲು ಸುಲಭದ ಒಂದು ಪರೀಕ್ಷೆ ಇದೆ. ತೊಂದರೆ ಕೇಳಿಸುತ್ತಿರುವಾಗಲೇ ಎದ್ದು ನಾಲ್ಕು ಹೆಜ್ಜೆ ನಡೆಯಬೇಕು. ಜಾಗ ಬದಲಾದಂತೆ ತೊಂದರೆಯೂ ಬದಲಾದರೆ ಅದು ಕೋಣೆಯದು. ಎಲ್ಲಿ ನಿಂತರೂ ಹಾಗೇ ಇದ್ದರೆ ತಂತಿಯದೋ ಸೆಟ್ಟಿಂಗಿನದೋ ಆಗಿರಬಹುದು. ಮುಂದಿನ ಎರಡು ಸ್ಪೀಕರುಗಳಲ್ಲಿ ಒಂದಕ್ಕೆ ಕೆಂಪು ಕಪ್ಪು ತಂತಿ ಅದಲುಬದಲಾಗಿದ್ದರೆ, ಒಂದರ ಕೋನ್ ಮುಂದೆ ಬರುವಾಗ ಇನ್ನೊಂದರದು ಹಿಂದೆ ಹೋಗಿ ಬಾಸ್ ಬಡಕಲಾಗುತ್ತದೆ, ಹಾಡುಗಾರರ ದನಿ ನಡುವೆ ನಿಲ್ಲದೆ ತೇಲಾಡುತ್ತದೆ. ಹಾಡಿಲ್ಲದಾಗಲೂ ಗುಂಯ್ ಎಂಬ ಸದ್ದಿದ್ದರೆ ಅದು ನಮ್ಮ 50 ಹರ್ಟ್ಜ್ ವಿದ್ಯುತ್ತಿನದು. ಎರಡು ಬೇರೆ ದಾರಿಗಳಿಂದ ನೆಲಕ್ಕೆ ಸೇರಿದ ಉಪಕರಣಗಳ ನಡುವೆ ಹರಿದು ಬರುತ್ತದೆ. ಹೊರಗಿನಿಂದ ಬರುವ ಕೇಬಲ್ ಟಿವಿಯ ತಂತಿಯನ್ನು ಮೊದಲು ಬಿಚ್ಚಿ ನೋಡಬೇಕು; ಹಲವು ಸಲ ಗುಂಗು ಅಲ್ಲಿಗೇ ನಿಲ್ಲುತ್ತದೆ. ಗುಂಗು ಹೋಗಲೆಂದು ಪ್ಲಗ್ಗಿನ ಅರ್ಥ್ ಪಿನ್ನನ್ನು ಕಿತ್ತುಹಾಕುವವರಿದ್ದಾರೆ. ಅದು ಪ್ರಾಣಕ್ಕೆ ಎರವಾಗುವ ಕೆಲಸ, ಯಾವ ಕಾರಣಕ್ಕೂ ಕೂಡದು. ತುಟಿಗೂ ಮಾತಿಗೂ ತಾಳೆಯಾಗದಿದ್ದರೆ ಟಿವಿ ಚಿತ್ರವನ್ನು ಚೆಂದಗಾಣಿಸಲು ತೆಗೆದುಕೊಳ್ಳುವ ಹೊತ್ತನ್ನು ಅನುಮಾನಿಸಬೇಕು. ಮಾತು ತುಟಿಗಿಂತ ತುಸು ಹಿಂದೆ ಬಿದ್ದರೆ ಮನಸ್ಸು ಸಹಿಸುತ್ತದೆ, ದೂರದ ಸದ್ದು ನೋಟಕ್ಕಿಂತ ತಡವಾಗಿ ಬರುವುದು ಅದಕ್ಕೆ ರೂಢಿ. ಮುಂದಾಗಿ ಬಂದರೆ 45 ಮಿಲಿಸೆಕೆಂಡಿನಷ್ಟು ಸಣ್ಣ ವ್ಯತ್ಯಾಸವೂ ಗೊತ್ತಾಗುತ್ತದೆ. ಇವುಗಳಲ್ಲಿ ಯಾವುದನ್ನೇ ಹುಡುಕಿದರೂ ಒಂದು ಸಲಕ್ಕೆ ಒಂದನ್ನೇ ಬದಲಿಸುವ ತಾಳ್ಮೆ ಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ಸರಿಹೋದದ್ದು ಯಾವುದರಿಂದ ಎಂದು ತಿಳಿಯದೆ, ಕಲಿಕೆ ಅಲ್ಲಿಗೇ ನಿಂತುಹೋಗುತ್ತದೆ. ತಂಬೂರಿಯ ಕುದುರೆಯ ಮೇಲೆ ತಂತಿಯಡಿಗೆ ದಾರ ಸರಿಸುವವರು ಕೂದಲೆಳೆಯಷ್ಟು ಸರಿಸಿ, ಮೀಟಿ, ಕಿವಿಗೊಟ್ಟು, ಮತ್ತೆ ಸರಿಸುತ್ತಾರೆ. ಶ್ರುತಿ ತೆರೆದುಕೊಳ್ಳುವ ಆ ಗಳಿಗೆಯ ಸುಖವನ್ನು ಸ್ಪೀಕರನ್ನು ಎರಡು ಬೆರಳು ಒಳಮುಖವಾಗಿ ತಿರುಗಿಸಿದವರೂ ಬಲ್ಲರು. ಸ್ಪೀಕರಿನ ತಂತಿಯ ಬಗ್ಗೆ ಒಂದು ಮಾತು: ಹಾಲ್‌ನೊಳಗಿನ ದೂರಕ್ಕೆ ಮಾಮೂಲಿ ದಪ್ಪದ ತಾಮ್ರದ ತಂತಿ ಸಾಕು. ಬಂಗಾರದ ಬೆಲೆಯ ಕೇಬಲಿಗೆ ಕೊಡುವ ದುಡ್ಡನ್ನು ಜಮಖಾನಕ್ಕೆ ಕೊಟ್ಟರೆ ಕಿವಿಗೆ ದಕ್ಕುತ್ತದೆ.

ಮಾತು ಕೇಳದ ದೂರಿಗೆ ಸಿನಿಮಾದವರೂ ಒಂದಿಷ್ಟು ಕಾರಣ. ಥಿಯೇಟರಿನ ಮಟ್ಟಕ್ಕೆ ಮಿಶ್ರಣ ಮಾಡಿದ ಸದ್ದಿನಲ್ಲಿ ಪ್ರತಿ ಚಾನೆಲ್ಲಿನ ಏರು 105 ಡೆಸಿಬೆಲ್ ಮುಟ್ಟಬಹುದು. ಮನೆಯಲ್ಲಿ ಅಷ್ಟು ಜೋರಾಗಿ ಯಾರೂ ಇಡುವುದಿಲ್ಲ, ಇಡಲೂಬಾರದು. ಒಟ್ಟು ಸದ್ದನ್ನು ತಗ್ಗಿಸಿದಾಗ ಮೆಲುಮಾತು ಫ್ಯಾನಿನ ಸದ್ದಿನ ಕೆಳಗೆ ಮುಳುಗುತ್ತದೆ. ರಾತ್ರಿ ಹೊತ್ತಿಗೆಂದು ರಿಸೀವರಿನಲ್ಲಿರುವ ನೈಟ್ ಮೋಡ್ ಏರನ್ನು ತಗ್ಗಿಸಿ, ತಗ್ಗನ್ನು ಏರಿಸುತ್ತದೆ. ಮಕ್ಕಳು ಮಲಗಿರುವಾಗ ಅದು ಬೇಕು. ಆದರೆ ಅದನ್ನು ಸದಾ ಹಾಕಿಡುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. 2022ರ 'ಕಾಂತಾರ'ದ ಕೊನೆಯಲ್ಲಿ ದೈವದ ಕೂಗು ಮೈ ಜುಮ್ಮೆನಿಸುವುದು ಮಿಕ್ಕ ಮಾತಿಗಿಂತ ಅದು ಅಷ್ಟೆತ್ತರಕ್ಕೆ ಏರುವುದರಿಂದ. ಗುಂಗು ಇಳಿಸಿದ ಕೋಣೆಯಲ್ಲಿ ಈ ಏರಿಳಿತವನ್ನು ಉಳಿಸಿಕೊಂಡೂ ಮಾತು ಕೇಳಬಹುದು.

ಹಾಲ್ ಮನೆಮಂದಿಗೆಲ್ಲ ಸೇರಿದ್ದು, ಅದನ್ನು ಸ್ಟುಡಿಯೋ ಮಾಡಲಾಗದು ಎಂಬ ಮಾತು ಇನ್ನೂ ಬಾಕಿ ಇದೆ. ಪೂಜೆಯೂ ಅಲ್ಲೇ, ಮಕ್ಕಳ ಓದೂ ಅಲ್ಲೇ, ನೆಂಟರು ಕೂರುವುದೂ ಅಲ್ಲೇ. ಇದನ್ನು ಪೂರ್ತಿ ಒಪ್ಪುತ್ತೇನೆ. ಜಾಗ ತೀರಾ ಇಕ್ಕಟ್ಟಾದರೆ ಒಂದು ಒಳ್ಳೆಯ ಸೌಂಡ್‌ಬಾರ್ ಸಾಕು. ಕೋಣೆಯ ನಿಯಮಗಳು ಅದಕ್ಕೂ ಹೀಗೇ ಅನ್ವಯಿಸುತ್ತವೆ. ಆದರೆ ಐದು ಸ್ಪೀಕರಿನ ಏರ್ಪಾಟು ಹುಟ್ಟಿದ್ದೇ ಹಲವರು ಒಟ್ಟಿಗೆ ಕೂತು ನೋಡುವುದಕ್ಕಾಗಿ. ಎರಡೇ ಸ್ಪೀಕರಿದ್ದರೆ ಸರಿಯಾಗಿ ನಡುವೆ ಕೂತ ಒಬ್ಬರಿಗೆ ಮಾತು ಪರದೆಯಿಂದ ಬಂದಂತೆ ಕೇಳುತ್ತದೆ, ಬದಿಯಲ್ಲಿ ಕೂತವರಿಗೆ ಹತ್ತಿರದ ಸ್ಪೀಕರಿಗೆ ಅಂಟಿಕೊಳ್ಳುತ್ತದೆ. ಟಿವಿಯ ಕೆಳಗಿನ ಸೆಂಟರ್ ಸ್ಪೀಕರ್ ಆ ಬದಿಯವರಿಗಾಗಿ ಇದೆ, ಸಂಭಾಷಣೆಯ ಬಹುಪಾಲು ಬರುವುದು ಅದರಿಂದಲೇ. ಅದನ್ನು ಟಿವಿ ಯೂನಿಟ್ಟಿನ ಗೂಡಿನೊಳಕ್ಕೆ ತಳ್ಳಿದರೆ ದನಿ ಗೂಡಿನಲ್ಲೇ ಗೊಗ್ಗರಾಗುತ್ತದೆ, ನೆಲದ ಹತ್ತಿರ ನೇರವಾಗಿಟ್ಟರೆ ಮಾತು ಮೊಣಕಾಲಿಗೆ ಹೋಗುತ್ತದೆ. ಗೂಡಿನ ಅಂಚಿಗೆ ಎಳೆದು, ಮುಂಭಾಗಕ್ಕೆ ಚಿಕ್ಕ ಒತ್ತು ಕೊಟ್ಟು ಕಿವಿಯತ್ತ ಎತ್ತಬೇಕು. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಮೇಲಿನ ಸ್ವರಗಳನ್ನು. ಸಕಾರ, ಶಕಾರ, ತಕಾರಗಳ ಗುರುತೆಲ್ಲ ಇರುವುದು ಅಲ್ಲಿಯೇ. ಅದಕ್ಕೆ ಮನೆಯಲ್ಲಿ ಅಜ್ಜಿಯೋ ತಾತನೋ ಇದ್ದರೆ ಹೊಂದಾಣಿಕೆಯ ಕೊನೆಯ ಸುತ್ತನ್ನು ಅವರು ಕೂರುವ ಕುರ್ಚಿಯಿಂದಲೇ ಮಾಡಬೇಕು: ಸೆಂಟರ್ ಸ್ಪೀಕರನ್ನು ಎರಡು ಮೂರು ಡೆಸಿಬೆಲ್ ಏರಿಸಿ, ಹಿಂದಿನವನ್ನು ಅಷ್ಟೇ ತಗ್ಗಿಸಿ, ಅವರು ಬಲ್ಲ ಒಂದು ಹಳೆಯ ಚಿತ್ರ ಹಾಕಿ, ಪ್ರತಿ ಮಾತೂ ತಿಳಿಯಿತೇ ಎಂದು ಅವರನ್ನೇ ಕೇಳಬೇಕು.