ಪುಷ್ಯ ಮಳೆಯೂ ಬುಲೆಟ್ಟೂ

ತೀರ್ಥಹಳ್ಳಿ ಸೀಮೆಯ ಅರಳಸುರಳಿಯಲ್ಲಿ ಮಳೆ ಹಿಡಿದ ಮೇಲೆ ಬುಲೆಟ್‌ ಇರುವ ಮನೆ ಯಾವುದೆಂದು ಯಾರನ್ನೂ ಕೇಳಬೇಕಿಲ್ಲ. ಡೇರಿಗೆ ಹಾಲು ಒಯ್ಯುವ ಹೊತ್ತಿಗೆ ಕಿಕ್ಕರ್‌ ಒದೆಯುವ ಸದ್ದು, ನಡುವೆ ಒಂದು ಬೈಗುಳ, ಮತ್ತೆ ಒದೆತ. ಬೈಕೇ ಓಡಿಸದ ನಿಮಗೆ ಇದರಲ್ಲೇನು ಆಸಕ್ತಿ ಎಂದು ಕೇಳಿದವರಿದ್ದಾರೆ. ಆಸಕ್ತಿ ಇಷ್ಟೇ. ನಿನ್ನೆ ಸಂಜೆ ಚೆನ್ನಾಗಿ ಓಡಿ ಬಂದ ಯಂತ್ರ ಇದು. ರಾತ್ರಿಯೆಲ್ಲ ಕೊಟ್ಟಿಗೆಯ ಮಾಡಿನಡಿ ಸುಮ್ಮನೆ ನಿಂತಿತ್ತು. ನಿಂತಲ್ಲೇ ಕೆಡುವಂಥದ್ದು ಏನಿದೆ?

*

ಹಳೇ ಬುಲೆಟ್ಟಿನ ಯಜಮಾನರು ಕಿಕ್‌ ಹೊಡೆಯುವ ಮುಂಚೆ ಹೆಡ್‌ಲೈಟಿನ ಮೇಲಿರುವ ಅಮೀಟರ್‌ ನೋಡುತ್ತಾರೆ. ಕೀಲಿ ತಿರುಗಿಸಿ ಕಿಕ್ಕರನ್ನು ನಿಧಾನಕ್ಕೆ ಒತ್ತುತ್ತಾ ಹೋದರೆ, ಮೈನಸ್‌ ಕಡೆ ವಾಲಿದ್ದ ಮುಳ್ಳು ಒಂದು ಹಂತದಲ್ಲಿ ಫಕ್ಕನೆ ನಡುವಿಗೆ ಬರುತ್ತದೆ. ಅಲ್ಲಿ ತಡೆದು, ಎಡಗೈ ಹಿಡಿಯ ಹತ್ತಿರದ ಡೀಕಂಪ್ರೆಸರ್‌ ಒತ್ತಿ, ಕಿಕ್ಕರನ್ನು ಇನ್ನೊಂದು ಚೂರು ತಳ್ಳಿ ಬಿಡುತ್ತಾರೆ. ಕಿಕ್ಕರ್‌ ಪೂರ್ತಿ ಮೇಲೆ ಬಂದ ಮೇಲೆ ಮೈಭಾರವೆಲ್ಲ ಹಾಕಿ ಒಂದೇ ಒದೆತ. ಇದು ಅಭ್ಯಾಸಬಲವೋ, ಇದಕ್ಕೊಂದು ಲೆಕ್ಕ ಇದೆಯೋ ಎಂದು ಕೇಳಿದೆ.

“ಲೆಕ್ಕ ಇಲ್ದೆ ಏನು ಮಾರಾಯ್ರೆ, ಕಾಲು ಮುರೀತದೆ” ಎಂದರು.

ಲೆಕ್ಕ ಹೀಗೆ. ಇದರಲ್ಲಿ ಇರುವುದು ಒಂದೇ ಪಿಸ್ಟನ್‌. ಅಗಲ 70 ಮಿ.ಮೀ., ಓಟ 90 ಮಿ.ಮೀ., ಒಟ್ಟು 346 ಸಿಸಿ. ಅಷ್ಟು ಗಾಳಿಯನ್ನು ಒಂದು ಕಾಲಿನ ಬಲದಿಂದ ಅದುಮಬೇಕು. ಕಿಡಿ ಹುಟ್ಟಿಸುವ ಕಾಯಿಲ್ಲಿಗೆ ಕರೆಂಟ್‌ ಬಿಟ್ಟು ತಡೆಯುವ ಸ್ವಿಚ್ಚೇ ಪಾಯಿಂಟ್‌. ಪಾಯಿಂಟ್‌ ಕೂಡಿಕೊಂಡಿದ್ದಾಗ ಕಾಯಿಲ್‌ ಬ್ಯಾಟರಿಯಿಂದ ಕರೆಂಟ್‌ ಎಳೆಯುತ್ತದೆ, ಮುಳ್ಳು ವಾಲುತ್ತದೆ. ಪಾಯಿಂಟ್‌ ಬಿಟ್ಟುಕೊಂಡಾಗ ಎಳೆತ ನಿಂತು ಮುಳ್ಳು ನಡುವಿಗೆ ಬರುತ್ತದೆ. ಪಾಯಿಂಟ್‌ ತೆರೆಯುವುದು ಕಿಡಿ ಹಾರುವ ಜಾಗದಲ್ಲಿ, ಅಂದರೆ ಪಿಸ್ಟನ್‌ ಗಾಳಿಯನ್ನು ಅದುಮಿ ಮೇಲೆ ಮುಟ್ಟುವ ಹೊತ್ತಿಗೆ. ಹಾಗಾಗಿ ಆ ಮುಳ್ಳು ಬ್ಯಾಟರಿಯ ಸುದ್ದಿಯ ಜೊತೆಗೆ ಕಣ್ಣಿಗೆ ಕಾಣದ ಪಿಸ್ಟನ್‌ ಎಲ್ಲಿದೆ ಎಂಬುದನ್ನೂ ಹೇಳುತ್ತದೆ. ಡೀಕಂಪ್ರೆಸರ್‌ ಎಕ್ಸಾಸ್ಟ್‌ ವಾಲ್ವನ್ನು ಚೂರು ಎತ್ತಿ ಗಾಳಿ ಹೊರಬಿಡುತ್ತದೆ, ಪಿಸ್ಟನ್‌ ತುದಿ ದಾಟುತ್ತದೆ. ಈಗ ಒದ್ದರೆ ಮುಂದಿನ ಅದುಮುವಿಕೆ ಬರುವಷ್ಟರಲ್ಲಿ ಮೂರು ಓಟಗಳು ಸಿಗುತ್ತವೆ. ಓಡಿ ಬಂದು ಗದ್ದೆಯಂಚು ಹಾರಿದಂತೆ, ಭಾರದ ಫ್ಲೈವೀಲ್‌ ಅಷ್ಟರಲ್ಲಿ ವೇಗ ಕೂಡಿಸಿಕೊಂಡಿರುತ್ತದೆ.

ಕ್ರಮ ಬಿಟ್ಟು ಅರ್ಧ ಒದ್ದರೆ ಕಿಕ್ಕರ್‌ ವಾಪಸ್‌ ಹೊಡೆಯುತ್ತದೆ. ಕ್ರಮ ಸರಿಯಿದ್ದೂ ಹೊಡೆದರೆ ಟೈಮಿಂಗ್‌ ಮುಂದಾಗಿದೆ ಎಂದು ಅರ್ಥ. ವೇಗಕ್ಕೆ ತಕ್ಕಂತೆ ಕಿಡಿಯನ್ನು ಮುಂಚಿತ ಮಾಡುವ ಸಣ್ಣ ತೂಕಗಳು ತುಕ್ಕು ಹಿಡಿದು ತೆರೆದಲ್ಲೇ ಸಿಕ್ಕಿಕೊಂಡಿದ್ದರೂ ಇದೇ ಗತಿ.

*

ಸ್ಟಾರ್ಟ್‌ ಆಗದಿದ್ದರೆ ಎಲ್ಲರೂ ಮೊದಲು ಬೈಯುವುದು ಪೆಟ್ರೋಲನ್ನು. ಚೋಕ್‌ ಎಳೆಯುತ್ತಾರೆ, ಒದೆಯುತ್ತಾರೆ, ಮತ್ತೆ ಚೋಕ್‌. ಪ್ಲಗ್‌ ಬಿಚ್ಚಿದರೆ ಪೆಟ್ರೋಲಿನಲ್ಲಿ ಅದ್ದಿ ತೆಗೆದಷ್ಟು ಒದ್ದೆ. ಹೀಗೆ ‘ಓವರ್‌’ ಆದ ಮೇಲೆ ಮಾಡಬೇಕಾದ್ದು ತಿರುಗಾಮುರುಗ: ಪೆಟ್ರೋಲ್‌ ಬಂದ್‌, ಚೋಕ್‌ ಬಂದ್‌, ಆಕ್ಸಿಲೇಟರ್‌ ಪೂರ್ತಿ ತಿರುವಿ, ಡೀಕಂಪ್ರೆಸರ್‌ ಹಿಡಿದು ನಾಲ್ಕಾರು ಸಲ ಒದೆಯುವುದು. ಒದ್ದೆ ಪ್ಲಗ್‌ ಪೆಟ್ರೋಲ್‌ ಬಂದಿದೆ ಎನ್ನುತ್ತದೆ. ಒಣ ಪ್ಲಗ್‌ ಬಂದಿಲ್ಲ ಎನ್ನುತ್ತದೆ. ಇಷ್ಟು ಸುಲಭದ ಸಾಕ್ಷಿ ಇದ್ದೂ ಒದೆಯುವುದರಲ್ಲೇ ಜನ ಬೆವರುತ್ತಾರಲ್ಲ, ಅದೇ ನನಗೆ ಅರ್ಥವಾಗದ್ದು.

*

ಪುನರ್ವಸು ಮುಗಿದು ಪುಷ್ಯ ಶುರು. ಕರೆಂಟಿಲ್ಲ.

ಗ್ಯಾರೇಜಿನ ಹುಡುಗ ಬುಲೆಟ್ಟಿನ ಯಜಮಾನರಿಗೆ ಟಾರ್ಚ್‌ ಆರಿಸಲು ಹೇಳಿದ. “ಅಣ್ಣ, ಈಗ ಒದೀರಿ.” ಕತ್ತಲಲ್ಲಿ ಕಾಯಿಲ್ಲಿನಿಂದ ಪ್ಲಗ್ಗಿಗೆ ಹೋಗುವ ವಯರಿನ ಮೈಮೇಲೆ ನೀಲಿ ಗೆರೆಯೊಂದು ಹರಿದು ಟ್ಯಾಂಕಿನ ಕೆಳಗೆ ಮಾಯವಾಯಿತು. ಪ್ಲಗ್ಗಿನ ತುದಿ ಮುಟ್ಟಬೇಕಾದ ಸಾವಿರಾರು ವೋಲ್ಟು ದಾರಿಯಲ್ಲೇ ಬಿರುಕು, ತೇವ ಹುಡುಕಿ ಎಂಜಿನ್ನಿನ ಮೈಗೆ ಇಳಿಯುತ್ತಿದೆ. ಹಗಲಲ್ಲಿ ಇದು ಕಾಣುವುದೇ ಇಲ್ಲ. ಒಣಬಟ್ಟೆಯಲ್ಲಿ ವಯರು, ಕ್ಯಾಪು ಒರೆಸಿ, ಪ್ಲಗ್ಗನ್ನು ಗ್ಯಾಸ್‌ ಒಲೆಯ ಮೇಲೆ ಕಾಯಿಸಿ ಹಾಕಿದ. ಹತ್ತಿತು.

ಆಗುಂಬೆಯೂ ಇದೇ ತೀರ್ಥಹಳ್ಳಿ ತಾಲೂಕು. ಅಲ್ಲಿ ವರ್ಷದ ಸರಾಸರಿ ಮಳೆ 7,000 ಮಿ.ಮೀ. ಮೀರುತ್ತದೆ. ಈ ಸೀಮೆಯಲ್ಲಿ ಅಡಕೆಗೆ ಕೊಳೆ ತರುವ ತೇವವೇ ಪಾಯಿಂಟಿನ ಮೇಲೆ ಮಬ್ಬು ಪದರ ಕಟ್ಟುತ್ತದೆ. ಸಣ್ಣ ಅರ ಆಡಿಸಿ, ಕಾಗದದಲ್ಲಿ ಒರೆಸಿದರೆ ಅರ್ಧ ಕೆಲಸ ಮುಗಿಯಿತು. ಪಾಯಿಂಟ್‌ ಪದೇ ಪದೇ ಸುಟ್ಟು ಗುಳಿ ಬೀಳುತ್ತಿದ್ದರೆ ಅದರ ಜೊತೆಗಿರುವ ಕಂಡೆನ್ಸರ್‌ ಮೇಲೆ ಅನುಮಾನ ಪಡಬೇಕಂತೆ.

ಒಂದು ಎಚ್ಚರಿಕೆ: ಪ್ಲಗ್ಗನ್ನು ಎಂಜಿನ್ನಿನ ಮೈಗೆ ತಾಗಿಸಿ ಕಿಡಿ ನೋಡುವಾಗ ಪ್ಲಗ್ಗಿನ ತೂತಿನಿಂದ ದೂರ ಹಿಡಿಯಬೇಕು. ಅಲ್ಲಿಂದ ಚಿಮ್ಮುವುದು ಪೆಟ್ರೋಲಿನ ಆವಿ.

*

ಕಾರ್ಬೊರೇಟರಿನ ತಳದ ಬಟ್ಟಲು ಬಿಚ್ಚಿದಾಗ ಅಡಿಯಲ್ಲಿ ಗೋಲಿಗಳಾಗಿ ಉರುಳುತ್ತಿದ್ದದ್ದು ನೀರು. ನೀರು ಪೆಟ್ರೋಲಿಗಿಂತ ಭಾರ, ತಳ ಸೇರುತ್ತದೆ. ಜೆಟ್‌ ಹೀರುವುದೂ ತಳದಿಂದಲೇ. ಈಗಿನ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥೆನಾಲ್‌ ಬೆರೆಸುತ್ತಾರೆ. ಅದು ತೇವವನ್ನು ಎಳೆದುಕೊಳ್ಳುವ ಜಾತಿ, ನೀರು ಮಿತಿ ಮೀರಿದರೆ ಅದನ್ನು ಸೇರಿಸಿಕೊಂಡು ಪೆಟ್ರೋಲಿನಿಂದ ಬೇರೆಯಾಗಿ ಕೆಳಗೆ ಕೂರುತ್ತದೆ. ಮಳೆಗಾಲವಿಡೀ ಅರ್ಧ ಟ್ಯಾಂಕಿನಲ್ಲಿ ನಿಲ್ಲಿಸುವುದು ಬೇಡ.

*

ಹತ್ತುತ್ತದೆ, ಒಂದೆರಡು ಮೈಲಿ ಹೋಗಿ ನಿಲ್ಲುತ್ತದೆ, ಟ್ಯಾಂಕಿನ ಮುಚ್ಚಳ ತೆಗೆದು ಹಾಕಿದರೆ ಮತ್ತೆ ಹತ್ತುತ್ತದೆ. ಇದಕ್ಕೆ ದೆವ್ವದ ಕತೆ ಹೇಳಿದವರೂ ಇದ್ದಾರೆ. ಮುಚ್ಚಳದ ಗಾಳಿತೂತು ಮುಚ್ಚಿದ್ದರೆ ಗಾಳಿ ಒಳಹೋಗದೆ ಪೆಟ್ರೋಲ್‌ ಇಳಿಯುವುದಿಲ್ಲ, ಅಷ್ಟೇ. ಇಲ್ಲಿ ತೂತು ಕಂಡಲ್ಲೆಲ್ಲ ಕುಂಬಾರ ಹುಳು ಮಣ್ಣು ಮೆತ್ತುತ್ತದೆ.

*

ಮೈಸೂರಿನ ಐಡಿಯಲ್‌ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿ ತಯಾರಾದ ಯೆಜ್ಡಿಗಳು ಮಲೆನಾಡಿನಲ್ಲಿ ಇನ್ನೂ ಅಲ್ಲಲ್ಲಿ ಉಳಿದಿವೆ. ಗೇರ್‌ ಹಾಕುವ ಲಿವರೇ ತಿರುಗಿಸಿದರೆ ಕಿಕ್ಕರ್‌. ಬುಲೆಟ್ಟಿನಂತೆ ಕಾಲು ನೋಯಿಸದು. ಆದರೆ ಪೆಟ್ರೋಲಿಗೆ ಆಯಿಲ್‌ ಬೆರೆಸಿ ಕುಡಿಯುವುದರಿಂದ ಪ್ಲಗ್‌ ಕಪ್ಪಾಗುತ್ತಲೇ ಇರುತ್ತದೆ.

*

ಇಳಿಜಾರಿನ ರಹಸ್ಯ. ಒದ್ದರೆ ಹತ್ತದ ಹಳೇ ಬುಲೆಟ್‌, ಎರಡನೇ ಗೇರಿನಲ್ಲಿ ಇಳಿಜಾರಿಗೆ ಬಿಟ್ಟು ಕ್ಲಚ್‌ ಬಿಟ್ಟರೆ ಹತ್ತುತ್ತದೆ. ಒದೆತಕ್ಕೆ ಸಿಗುವುದು ಒಂದೆರಡು ಕಿಡಿ. ಇಳಿಜಾರಿನಲ್ಲಿ ಸಾಲು ಸಾಲು. ಹೆಚ್ಚಾದ ಪೆಟ್ರೋಲೂ ಹೊರಗೆ ಹೋಗುತ್ತದೆ. ಅದೇ ಇಳಿಜಾರಿನಲ್ಲಿ ಪಕ್ಕದ ಮನೆಯ ಹುಡುಗನ ಹೊಸ ಬೈಕ್‌ ತುದಿಯವರೆಗೂ ಉರುಳಿತು, ಹತ್ತಲಿಲ್ಲ. ಇಂಜೆಕ್ಷನ್‌ ಬೈಕಿನಲ್ಲಿ ಪೆಟ್ರೋಲ್‌ ಪಂಪಿಗೂ ಕಂಪ್ಯೂಟರಿಗೂ ಕರೆಂಟ್‌ ಬೇಕು. ಬ್ಯಾಟರಿ ಪೂರ್ತಿ ಸತ್ತಿದ್ದರೆ ಘಟ್ಟ ಇಳಿಸಿದರೂ ಅಷ್ಟೇ.

ಬ್ಯಾಟರಿ ಸತ್ತದ್ದೇಕೆ? ಮನೆಯಿಂದ ಡೇರಿಗೆ, ಡೇರಿಯಿಂದ ಮನೆಗೆ. ದೊಡ್ಡ ಎಂಜಿನ್ನನ್ನು ತಿರುಗಿಸಲು ಸೆಲ್ಫ್‌ ಮೋಟಾರ್‌ ಎಳೆದಷ್ಟು ಕರೆಂಟ್‌ ಅಷ್ಟು ದೂರದಲ್ಲಿ ವಾಪಸ್‌ ತುಂಬುವುದಿಲ್ಲ. ಅದರ ಮೇಲೆ 2017ರ ಏಪ್ರಿಲಿನಿಂದ ಬಂದ ಬೈಕುಗಳಲ್ಲಿ ಹಗಲೂ ಹೆಡ್‌ಲೈಟ್‌ ಉರಿಯುತ್ತದೆ. ಗುಂಡಿ ಒತ್ತಿದಾಗ ‘ಟಕ್‌ ಟಕ್‌’ ಎಂದು ರಿಲೇ ಬಡಿದರೆ ಬ್ಯಾಟರಿ ಕುಸಿದಿದೆ. ಅಂಥ ಹೊತ್ತಲ್ಲಿ ಮತ್ತೆ ಮತ್ತೆ ಒತ್ತಬಾರದು. ಅರೆಬಲದಲ್ಲಿ ತಿರುಗಿದ ಎಂಜಿನ್‌ ಹಿಂದಕ್ಕೆ ಹೊಡೆದರೆ ಸೆಲ್ಫಿನ ಒಂದೇ ದಿಕ್ಕಿಗೆ ಕಚ್ಚುವ ಕ್ಲಚ್‌ ಹಾಳಾಗುತ್ತದೆ. ಆಮೇಲೆ ಮೋಟಾರ್‌ ಬರ್ರೆಂದು ತಿರುಗುತ್ತದೆ, ಎಂಜಿನ್‌ ಅಲುಗುವುದಿಲ್ಲ. ಆ ರಿಪೇರಿ ಬ್ಯಾಟರಿಗಿಂತ ದುಬಾರಿ.

2021ರಲ್ಲಿ ಬಂದ ಹೊಸ ಎಂಜಿನ್ನಿನ ಕ್ಲಾಸಿಕ್‌ 350ಕ್ಕೆ ಕಿಕ್ಕರೇ ಇಲ್ಲ. ಅಂಥದ್ದನ್ನು ಮಲೆನಾಡಿಗೆ ತಂದವರು ಆರಿದ್ರಾ ಮಳೆಗೆ ಮುಂಚೆ ಬ್ಯಾಟರಿಯ ವೋಲ್ಟ್‌ ಅಳೆಸಿಕೊಳ್ಳಿ. ರಾತ್ರಿ ನಿಂತ ಬೈಕಿನಲ್ಲಿ 12.6 ಇದ್ದರೆ ಭಯವಿಲ್ಲ, 12ಕ್ಕೆ ಇಳಿದಿದ್ದರೆ ಚಾರ್ಜಿಗೆ ಹಾಕಿ. ಕರೆಂಟ್‌ ಇರುವಾಗಲೇ ಹಾಕಿ, ಪುಷ್ಯದಲ್ಲಿ ಅದನ್ನೂ ನಂಬುವಂತಿಲ್ಲ.